ಬೆನ್ನಿಲ್ಲದ ಮನುಷ್ಯನ ಪಟ

ಭಾನುವಾರ, ನವೆಂಬರ್ 15, 2009. ಬೆಳಗ್ಗೆ ಆರೂ ನಲವತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕುಳಿತೆ.

ಚಿತ್ತವಾಡ್ಗಿಯ ನಮ್ಮ ಮನೆಯ ಮೇಲಿನ ಕೋಣೆಗೆ ಹೊಸ ಬಾಡಿಗೆದಾರರು ಬಂದಿದ್ದಾರೆ. ಅವರಲ್ಲಿ ಯಾರಿಗೋ ಸೊಂಟನೋವು ಇರಬೇಕು. ನೋವಿನ ಎಣ್ಣೆಯ ವಾಸನೆ ಮೆಟ್ಟಿಲಿಳಿದು ನನ್ನ ಚಹಾದ ಲೋಟದವರೆಗೆ ಬಂದಿದೆ. ಕರ್ಪೂರ, ನೀಲಗಿರಿ, ಜೊತೆಗೆ ಹೆಸರು ಗೊತ್ತಿಲ್ಲದ ಇನ್ನೊಂದು ಘಾಟು. ಬೇರೆಯವರಿಗೆ ಈ ವಾಸನೆ ಬಡಿದರೆ ಅಜ್ಜಿ ನೆನಪಾಗುತ್ತಾಳಂತೆ. ನನಗೆ ವಿಜ್ಞಾನ ನೆನಪಾಗುತ್ತದೆ. ಅಂದರೆ, ಇದೇ ಎಣ್ಣೆ ನಾರುತ್ತಿದ್ದ ವೀರೇಶ ಮಾಸ್ತರರ ಜಿಮ್ಮಿನಲ್ಲಿ ನಾನು ಕಲಿತ ದೇಹವಿಜ್ಞಾನ.

ನಮ್ಮ ಊರಿಗೆ ಕಬ್ಬಿಣದ ಅದಿರಿನ ದುಡ್ಡು ಬಂದ ಹೊಸತರಲ್ಲಿ ಜನ ಮನೆ ಕಟ್ಟಿದರು. ಆಮೇಲೆ ಆ ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿದರು. ಕಟ್ಟುವುದಕ್ಕೆ ಬೇರೇನೂ ಉಳಿಯದಾದಾಗ ಅವರಿಗೆ ದೇಹ ನೆನಪಾಯಿತು. ವೀರೇಶ ಮಾಸ್ತರರು ಅದುವರೆಗೆ ಟೈರ್ ಅಂಗಡಿ ನಡೆಸುತ್ತಿದ್ದರು. ಬೇಡಿಕೆ ಯಾವ ಕಡೆ ತಿರುಗಿದೆ ಎಂದು ನೋಡಿ, ಎಲ್ಲೋ ಹತ್ತು ದಿನದ ತರಬೇತಿ ಮುಗಿಸಿ, ಒಂದು ಪ್ರಮಾಣಪತ್ರ ಮತ್ತು ಒಂದು ಪಟದೊಂದಿಗೆ ಮರಳಿದರು. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿದರು. ಪಟವನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಆ ಪಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಚರ್ಮ ಸುಲಿದ ಒಬ್ಬ ಮನುಷ್ಯ. ಮೈಯೆಲ್ಲ ಕೆಂಪು ಸ್ನಾಯು, ಒಂದೊಂದಕ್ಕೂ ಗೆರೆ ಎಳೆದು ಇಂಗ್ಲಿಷಿನಲ್ಲಿ ಹೆಸರು. ಬೇರೆ ಊರಿನವರು ನೋಡಿದ್ದರೆ ಬೆಚ್ಚುತ್ತಿದ್ದರೇನೋ. ನಮ್ಮಲ್ಲಿ ಮೊದಲ ದಿನವೇ ಒಬ್ಬರು, "ಇಂವ ಯಾವ ಮೈನ್ಸ್‌ನಾಗ ಕೆಲಸ ಮಾಡ್ತಾನ್ರಿ, ಇನ್ನೂ ಜಳಕ ಮಾಡಿಲ್ಲ?" ಎಂದು ಕೇಳಿದರು. ಪಟದ ಹಿಂಬದಿಯಲ್ಲಿ ಮನುಷ್ಯನ ಬೆನ್ನಿನ ಚಿತ್ರವೂ ಇತ್ತಂತೆ. ಆದರೆ ಮಾಸ್ತರರು ಅದನ್ನು ತಿರುಗಿಸಿದ್ದನ್ನು ನಾನು ಕಾಣೆ. ಹೀಗಾಗಿ ನಮ್ಮ ಜಿಮ್ಮಿನಲ್ಲಿ ಮನುಷ್ಯನಿಗೆ ಎದೆ ಇತ್ತು, ತೋಳಿತ್ತು, ತೊಡೆಯಿತ್ತು. ಬೆನ್ನು ಇರಲಿಲ್ಲ. ಬೆನ್ನಿನ ಕಡೆ ಒಳಗೆ ಏನಿದೆ ಎಂಬುದಂತೂ ಯಾರಿಗೂ ಬೇಡವಾಗಿತ್ತು.

ನನಗೆ ದಿನಚರಿ ಬರೆಯುವ ಚಟ. ಮಾಸ್ತರರು ಬಳಸುವ ಒಂದೊಂದು ಶಾಸ್ತ್ರೀಯ ಪದಕ್ಕೂ ಪುಟದ ಅಂಚಿನಲ್ಲಿ ಗೀಟು ಹಾಕುತ್ತಿದ್ದೆ. 'ಲ್ಯಾಕ್ಟಿಕ್ ಆಸಿಡ್' ಎಂಬುದು ಪ್ರತಿ ತಿಂಗಳೂ ಭಾರಿ ಬಹುಮತದಿಂದ ಗೆಲ್ಲುತ್ತಿತ್ತು. ಮಂಡಿನೋವಿಗೆ ಕಾರಣ ಲ್ಯಾಕ್ಟಿಕ್ ಆಸಿಡ್, ತಲೆನೋವಿಗೆ ಲ್ಯಾಕ್ಟಿಕ್ ಆಸಿಡ್, ಒಮ್ಮೆ ನನ್ನ ಬಿಕ್ಕಳಿಕೆಗೂ ಅದೇ. ಕಸರತ್ತಿನ ನಡುವೆ ನೀರು ಕುಡಿಯಬಾರದು, ಕುಡಿದರೆ ಹೊಟ್ಟೆ ಬರುತ್ತದೆ ಎಂಬುದು ಅವರ ಎರಡನೇ ಸಿದ್ಧಾಂತ. ನಾನು ಹೋಗಿದ್ದೇ ತೂಕ ಹೆಚ್ಚಿಸಿಕೊಳ್ಳಲು. ಆದ್ದರಿಂದ ಕದ್ದು ನೀರು ಕುಡಿಯುತ್ತಿದ್ದೆ. ನಾಲ್ಕು ತಿಂಗಳಲ್ಲಿ ಮುಕ್ಕಾಲು ಕಿಲೋ ಹೆಚ್ಚಿದೆ. ಅದರಲ್ಲಿ ಹೊಸ ಬೂಟಿನ ಪಾಲೆಷ್ಟು ಎಂದು ಮಾತ್ರ ತೂಗಿಲ್ಲ.

ನನ್ನ ಗೆಳೆಯ ಎರ್ರಿಸ್ವಾಮಿ ಅದೇ ಜಿಮ್ಮಿಗೆ ಬರುತ್ತಿದ್ದ. ಪಾಪಿನಾಯಕನಹಳ್ಳಿಯವನು. ಅದಿರು ಸಾಗಿಸುವ ಎರಡು ಟಿಪ್ಪರು ಲಾರಿಗಳ ಮಾಲೀಕ. ಲೋಡಿಂಗ್ ಪಾಯಿಂಟಿನಲ್ಲಿ ಸಾಲು ಕಾಯುತ್ತ, ಢಾಬಾದ ಮಟನ್ ತಿನ್ನುತ್ತ ಮೂರು ವರ್ಷದಲ್ಲಿ ಒಳ್ಳೆಯ ಹೊಟ್ಟೆಯನ್ನೂ ಸಂಪಾದಿಸಿದ್ದ. ಕಂಪ್ಲಿಯ ರೈಸ್ ಮಿಲ್ಲಿನವರು ಅವನಿಗೆ ಹೆಣ್ಣು ಕೊಡುವ ಮಾತಾಡಿದ್ದರು. ಮಧ್ಯಸ್ಥರು ಮಾತ್ರ, "ಹುಡುಗ ಚಲೋ ಅದಾನ, ಹೊಟ್ಟಿ ಒಂದೀಟು ಮುಂದೈತಿ ಅಂದ್ರು" ಎಂದು ಕಿವಿಗೆ ಹಾಕಿದ್ದರು. ಹೊಟ್ಟೆಯನ್ನು ಹಿಂದಕ್ಕೆ ಕಳುಹಿಸಲು ಮಾಸ್ತರರು ದಿನಕ್ಕೆ ನೂರು ಬೈಠಕ್, ಅಂದರೆ ಕೂತು ಏಳುವ ಕಸರತ್ತು, ಬರೆದುಕೊಟ್ಟರು. ಹೊಟ್ಟೆ ಇಳಿಯಲು ಕಾಲೇಕೆ ದುಡಿಯಬೇಕು ಎಂದು ನಾನು ಕೇಳಿದೆ. "ಪಟ ನೋಡು, ಎಲ್ಲಾ ಕನೆಕ್ಷನ್ ಐತಿ" ಎಂದರು.

2007ರ ಏಪ್ರಿಲ್. ಒಂದು ಭಾನುವಾರ ಕಂಪ್ಲಿಗೆ ಹೆಣ್ಣು ನೋಡಲು ಹೋಗುವುದೆಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ಎಂಟು ದಿನ ಎರ್ರಿಸ್ವಾಮಿ ಸಂಡೂರಿನ ಗುಡ್ಡದಲ್ಲಿ ಲೋಡಿಗಾಗಿ ಕಾಯುತ್ತ ಸಿಕ್ಕಿಹಾಕಿಕೊಂಡ. ಗುರುವಾರ ಸಂಜೆ ಧೂಳು ಕೊಡವುತ್ತ ನೇರವಾಗಿ ಜಿಮ್ಮಿಗೇ ಬಂದ.

"ಮಾಸ್ತರ್, ಎಂಟು ದಿನದ್ದು ಬಾಕಿ ಐತ್ರಿ. ಇವತ್ತ ಎಲ್ಲಾ ಹೊಡದ್ ಬಿಡ್ತೀನಿ."

ಲಾರಿ ಇಟ್ಟವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗಾಡಿ ಕೆಟ್ಟು ನಿಂತರೆ ತಪ್ಪಿದ ಟ್ರಿಪ್ಪುಗಳನ್ನು ಒಂದೇ ಸಮನೆ ಓಡಿಸಿ ತುಂಬಿಕೊಳ್ಳುವುದೇ ಪದ್ಧತಿ. ಹದಿನಾರು ಟನ್ನಿನ ಗಾಡಿಗೆ ಇಪ್ಪತ್ತೈದು ಹೇರುವುದೂ ಪದ್ಧತಿಯೇ. ದೇಹಕ್ಕೆ ಮಾತ್ರ ಬೇರೆ ಕಾನೂನು ಯಾಕಿರಬೇಕು? ಟೈರ್ ಅಂಗಡಿಯ ವಿಜ್ಞಾನಿಗೂ ಇದು ಸರಿ ಎನಿಸಿತು.

"ಭಪ್ಪರೇ! ನಿಂತ್ರ ಲುಕ್ಸಾನು. ಹೊಡಿ!"

ಹೊಡೆದ. ಎಂಟುನೂರು. ಮೇಲೆ ತಗಡಿನ ಚಾವಣಿ, ಫ್ಯಾನಿನಿಂದ ಬಿಸಿಗಾಳಿ, ನೀರಂತೂ ನಿಷಿದ್ಧ. ನಡುವೆ ನಾನು ಬಾಟಲಿ ಕೊಡಹೋದರೆ, "ಬ್ಯಾಡಲೇ, ಹೊಟ್ಟಿ ಬರ್ತೈತಿ" ಎಂದು ಅವನೇ ತಳ್ಳಿದ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಟ್ಟಿಲಿಳಿಯಲಾಗದ ಅವನನ್ನು ಇಬ್ಬರು ಹೊತ್ತು ಇಳಿಸಿದರು. ಅದನ್ನೂ ಗೌರವವೆಂದೇ ತಿಳಿದೆವು.

ಶನಿವಾರ ಅವನು ಫೋನ್ ಮಾಡಿ, ತೊಡೆ ಬಾತು ಪ್ಯಾಂಟು ಏರುತ್ತಿಲ್ಲ, ಒಂದಕ್ಕೆ ಹೋದರೆ ಕೆಂಪಗೆ, ಡಿಕಾಕ್ಷನ್ ಥರ ಬರುತ್ತಿದೆ ಎಂದ. ಮಾಸ್ತರರನ್ನು ಕೇಳಿದೆ. ಅವರು ಕಣ್ಣು ಮಿಟುಕಿಸದೆ ಉತ್ತರ ಕೊಟ್ಟರು.

"ಎಂಟು ದಿನ ಸಂಡೂರು ಧೂಳು ಕುಡದಾನಲ್ಲ, ಅದು ಹೊರಗ ಬರಾಕತ್ತೈತಿ. ಮೈ ಕ್ಲೀನ್ ಆತಂದ್ಕೋ. ಚಲೋನ ಆತು."

ನೀವು ನಗಬಹುದು. ನಾವು ನಗಲಿಲ್ಲ. ಆ ವರ್ಷಗಳಲ್ಲಿ ಅದಿರಿನ ಧೂಳಿಗೆ ನಮ್ಮ ರಸ್ತೆಯ ಬೇವಿನ ಮರ ಕೆಂಪು, ಒಗೆದ ಬಿಳಿ ಅಂಗಿ ಕೆಂಪು, ಕ್ಯಾಕರಿಸಿ ಉಗಿದರೆ ಕೆಂಪು, ಎಮ್ಮೆಯೂ ಕೆಂಪು. ಇನ್ನೊಂದು ವಸ್ತು ಕೆಂಪಾದರೆ ಅದರಲ್ಲಿ ರೋಗ ಹುಡುಕಬೇಕೆಂದು ಯಾರಿಗೆ ಹೊಳೆಯಬೇಕು?

ಭಾನುವಾರ ಕಂಪ್ಲಿಗೆ ಹೋದೆವು. ಅವನು, ಅವನ ಅವ್ವ, ನಾನು. ಜಮಖಾನದ ಮೇಲೆ ಕೂರಲು ಹೋದವನು ಅರ್ಧದಲ್ಲಿ ಕಾಲು ಮಡಚಲಾಗದೆ ದೊಪ್ಪನೆ ಬಿದ್ದ. "ಹುಡುಗಗ ನಾಚಿಕಿ ಭಾಳ" ಎಂದು ಅವ್ವ ಸಂಭಾಳಿಸಿದಳು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಹಿಂದೆಯೇ ಹುಡುಗಿ ಸುಜಾತಾ ಬಂದಳು. ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದವಳು. ತಲೆ ತಗ್ಗಿಸಿ ಕೂತಿದ್ದರಿಂದ ಅವಳಿಗೆ ಮೊದಲು ಕಂಡದ್ದು ಅವನ ಮುಖವಲ್ಲ, ಬಾತ ಕಾಲು.

"ಏನರ ಕೇಳೋದಿದ್ರ ಕೇಳವ್ವ" ಎಂದಳು ಅವ್ವ, ಏನೂ ಕೇಳಲಾರಳೆಂಬ ಭರವಸೆಯಿಂದ.

"ಕಾಲು ಯಾವಾಗಿಂದ ಹಿಂಗ ಬಾತಾವ್ರಿ?"

"ಗುರುವಾರ ಎಕ್ಸರ್‌ಸೈಜ್ ಮಾಡಿದ್ನಿರಿ," ಎಂದ ಎರ್ರಿಸ್ವಾಮಿ, ಹೆಮ್ಮೆಯಿಂದ. "ಎಂಟುನೂರು ಬೈಠಕ್."

"ಒಂದಕ್ಕ ಯಾವ ಬಣ್ಣ ಬರಾಕತ್ತೈತಿ?"

ಅವಳಪ್ಪನ ಕೈಯ ಚಹಾ ಕಪ್ಪು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. "ಏ ಸುಜಾತಾ! ಇದೇನವ್ವ ಕೇಳೋದು?"

"ಇರಪ್ಪಾ. ಹೇಳ್ರಿ ನೀವು."

"ಕೆಂಪಗ್ರಿ. ಅದು ಧೂಳು. ಮೈನ್ಸ್‌ನಾಗ ಇರಾವ್ರಿಗೆ ಅದೆಲ್ಲಾ..."

"ಮೈನ್ಸ್‌ನಾಗ ಇರಾವ್ರಾಗ ಎಷ್ಟು ಮಂದಿಗೆ ಹಂಗ ಕೆಂಪಗ ಬಂದೈತಿ, ನೀವು ನೋಡೀರೇನು? ಇವತ್ತು ಎಷ್ಟು ಸಲ ಹೋದ್ರಿ?"

ಅವನು ಯೋಚಿಸಿದ. "ಇವತ್ತು... ಇಲ್ರಿ. ಬಂದೇ ಇಲ್ಲ."

ಸುಜಾತಾ ಎದ್ದು ನಿಂತಳು. "ಅಪ್ಪಾ, ಕಾರು ತೆಗಿ. ಇವ್ರನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ಬೇಕು. ಈಗ. ಜಲ್ದಿ."

ಹೆಣ್ಣು ನೋಡುವ ಶಾಸ್ತ್ರ ಕಾರಿನ ಹಿಂದಿನ ಸೀಟಿನಲ್ಲಿ ಮುಗಿಯಿತು. ಹುಡುಗಿ ಅವನ ಕಾಲನ್ನೇ ನೋಡುತ್ತಿದ್ದಳು, ಅವನು ಕಣ್ಣು ಮುಚ್ಚಿದ್ದ.

ಬಳ್ಳಾರಿಯ ವೈದ್ಯರು ನನ್ನನ್ನು ಕೂರಿಸಿ ಹೇಳಿದರು. ಅತಿಯಾಗಿ ದುಡಿಸಿದ್ದಕ್ಕೆ ತೊಡೆಯ ಸ್ನಾಯು ಒಡೆದಿದೆ. ಅದರೊಳಗಿನ ಕೆಂಪು ಪ್ರೋಟೀನು ರಕ್ತಕ್ಕೆ ಇಳಿದು, ಸೋಸುವ ಕಿಡ್ನಿಗಳಲ್ಲಿ ಕಟ್ಟಿಕೊಂಡಿದೆ. ನೀರಿಲ್ಲದೆ, ಸೆಕೆಯಲ್ಲಿ ಮಾಡಿದ್ದರಿಂದ ಇನ್ನಷ್ಟು ಕೆಟ್ಟಿದೆ. ನಾನು ಪೆದ್ದನಂತೆ ಧೂಳಿನ ಮಾತು ತೆಗೆದೆ.

"ಆ ಕೆಂಪಿನಾಗ ಕಬ್ಬಿಣ ಐತಿ, ಖರೆ," ಎಂದರು ವೈದ್ಯರು. "ಆದ್ರ ಅದು ಸಂಡೂರಿಂದ ಬಂದಿದ್ದಲ್ಲಪ್ಪಾ. ಇವನ ತೊಡಿಯಿಂದ ಬಂದಿದ್ದು. ನಾಳೆ ತನಕ ಕಾದಿದ್ರ ನನ್ನ ಹತ್ರ ಕರ್ಕೊಂಡು ಬರೋದೇ ಬೇಕಾಗ್ತಿರಲಿಲ್ಲ."

ಎರ್ರಿಸ್ವಾಮಿಯನ್ನು ಕೆಲವು ದಿನ ಯಂತ್ರಕ್ಕೆ ಹಾಕಿ ರಕ್ತ ಸೋಸಿದರು. ಮೂರು ವಾರಕ್ಕೆ ಮನೆಗೆ ಬಂದ. ಕಂಪ್ಲಿಯವರು ಹಣ್ಣು ತೆಗೆದುಕೊಂಡು ಬಂದು ನೋಡಿ, ಬಹಳ ಮರ್ಯಾದೆಯಿಂದ ಸಂಬಂಧ ಬೇಡವೆಂದರು. ಕಿಡ್ನಿ ಕೆಟ್ಟ ಹುಡುಗನಿಗೆ ಹೆಣ್ಣು ಕೊಡುವುದು ಹೇಗೆ? ಆ ಕಿಡ್ನಿಯನ್ನು ಉಳಿಸಿದ ಹುಡುಗಿಯನ್ನು ಯಾರೂ ಕೇಳಿದಂತೆ ಕಾಣಲಿಲ್ಲ. ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿಗೆ ಅವಳನ್ನು ಕೊಟ್ಟರೆಂದು ಕೇಳಿದೆ. ಅವನ ಹೊಟ್ಟೆ ಎರ್ರಿಸ್ವಾಮಿಯದಕ್ಕಿಂತ ದೊಡ್ಡದಂತೆ. ವೈದ್ಯರ ಮಾತು ಕಿವಿಗೆ ಬಿದ್ದ ವೀರೇಶ ಮಾಸ್ತರರು "ನಾ ಅವತ್ತ ಕಬ್ಬಿಣದ ಧೂಳು ಅಂದಿದ್ದಿಲ್ಲೇನು?" ಎಂದು ಸಿಕ್ಕವರಿಗೆಲ್ಲ ಹೇಳಿದರು. ಮರುವರ್ಷ ಎರಡನೇ ಜಿಮ್ಮು ತೆರೆದರು. ಅಲ್ಲಿ ಎ.ಸಿ. ಇದೆ.

ನಾನು ಮಾತ್ರ ಪುಸ್ತಕ ಕೊಂಡೆ. ಆಮೇಲೆ ತರಬೇತುದಾರರ ಪರೀಕ್ಷೆಯನ್ನೂ ಕಟ್ಟಿ ಪಾಸಾದೆ. ಸ್ನಾಯು ಬೆಳೆಯುವುದು ಕಸರತ್ತು ಮಾಡುವಾಗಲ್ಲ, ಆಮೇಲೆ ಉಂಡು ಮಲಗಿದಾಗ ಎಂದು ಅಲ್ಲಿ ಓದಿದೆ. ಕೂತಲ್ಲೇ ದುಡ್ಡು ಬೆಳೆದ ಊರಿನಲ್ಲಿ ಈ ಒಂದು ಮಾತನ್ನು ಯಾರೂ ನಂಬುವುದಿಲ್ಲ ಎಂಬುದು ಸೋಜಿಗ. ಬೆಳಗಿನ ಹೊತ್ತು ಶಾಲೆಯ ಮೈದಾನದಲ್ಲಿ ಹತ್ತಾರು ಜನಕ್ಕೆ ಕಲಿಸುತ್ತೇನೆ. ಹೊಸಬರು ಬಂದರೆ ಮೊದಲು ವಾರದಲ್ಲಿ ಎಷ್ಟು ದಿನ ಬಿಡುವು ಇಡುತ್ತೀರಿ ಎಂದು ಕೇಳುತ್ತೇನೆ. ಅರ್ಧ ಜನ ಅಲ್ಲಿಂದಲೇ ಎ.ಸಿ. ಜಿಮ್ಮಿಗೆ ಹೋಗುತ್ತಾರೆ.

ಮೊನ್ನೆ ಶುಕ್ರವಾರ ಎರ್ರಿಸ್ವಾಮಿ ಮೈದಾನಕ್ಕೆ ಬಂದ. ಎರಡೂವರೆ ವರ್ಷ ಅವನು ಕಸರತ್ತು ಎಂದರೆ ಮುಖ ತಿರುಗಿಸುತ್ತಿದ್ದ. ಈಗ ಸಕ್ಕರೆ ಕಾಯಿಲೆ ಕಾಣಿಸಿದೆ, ಕೂತರೆ ಕೆಡುತ್ತದೆ. ಬಳ್ಳಾರಿಯ ವೈದ್ಯರು, ಕಿಡ್ನಿ ಸುಧಾರಿಸಿದೆ, ನಿಧಾನಕ್ಕೆ ವ್ಯಾಯಾಮ ಶುರು ಮಾಡು ಎಂದಿದ್ದಾರಂತೆ. ಮೈದಾನದ ಕಟ್ಟೆಯ ಮೇಲೆ ಕೂತು ತೊಡೆ ಒತ್ತಿಕೊಳ್ಳುತ್ತ ಕೇಳಿದ.

"ಖರೆ ಹೇಳಲೇ. ಮತ್ತ ಒಡಿತಾವೇನು ಇವು?"

"ಗೊತ್ತಿಲ್ಲ," ಎಂದೆ.

ಅವನು ತೊಡೆ ಒತ್ತುವುದನ್ನು ಬಿಟ್ಟ. "ಚಲೋ ಆತು ಬಿಡು. ಗೊತ್ತೈತಿ ಅಂದಿದ್ರ ಎದ್ದು ಹೊಕ್ಕಿದ್ದೆ."

ಒಂದು ಸುತ್ತು ಮೆಲ್ಲಗೆ ನಡೆಸಿ, ಬಾಟಲಿ ತುಂಬ ನೀರು ಕುಡಿಸಿ ಕಳುಹಿಸಿದೆ. ನನ್ನ ಪುಸ್ತಕಗಳಲ್ಲಿ ಇಂಥವರ ಬಗ್ಗೆ ಅರ್ಧ ಸಾಲು ಇದೆ, ಅದೂ 'ವೈದ್ಯರ ಸಲಹೆ ಪಡೆಯಿರಿ' ಎಂದು. ವೈದ್ಯರು 'ನಿಧಾನಕ್ಕೆ' ಎಂದಿದ್ದಾರೆ. ನಿಧಾನ ಎಂದರೆ ಎಷ್ಟು, ಯಾವುದರಿಂದ ಶುರು, ಎರಡು ದಿನಗಳ ನಡುವೆ ಎಷ್ಟು ಬಿಡುವು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ಇಂಥ ಪೆಟ್ಟು ತಿಂದು ಮತ್ತೆ ಎದ್ದವರು, ಅವರನ್ನು ಎಬ್ಬಿಸಿದ ವೈದ್ಯರು, ತರಬೇತುದಾರರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಕಂಡದ್ದನ್ನು, ಮಾಡಿ ತಿಳಿದದ್ದನ್ನು ಮಾತ್ರ ಬರೆಯಿರಿ. ಊಹೆ ಕಳುಹಿಸುವ ಶ್ರಮ ತೆಗೆದುಕೊಳ್ಳಬೇಡಿ, ಅದು ನಮ್ಮಲ್ಲೇ ಬೇಕಾದಷ್ಟು ಸಿಗುತ್ತದೆ.