ಸೋಮಣ್ಣ ಹಿಡಿದ ದರೋಡೆ ನೊಣ

ಠಾಣೆ ಊರಿನ ಬಟ್ಟೆ ಗಿರಣಿಯಲ್ಲಿ ಸೋಮಣ್ಣನ ಕೆಲಸ ಒಂದೇ: ಭೂತಗನ್ನಡಿ ಹಿಡಿದು ಇಂಚಿಗೆ ಎಷ್ಟು ಎಳೆ ಎಂದು ಎಣಿಸುವುದು. ಹದಿನೆಂಟು ವರ್ಷ ಎಣಿಸಿದ ಕಣ್ಣು ರಜೆಯ ದಿನವೂ ಸುಮ್ಮನಿರುತ್ತಿರಲಿಲ್ಲ. ೧೯೭೯ರಲ್ಲಿ ಮಾಳಶೇಜ್ ಘಾಟದ ಕಾಡಿನಲ್ಲಿ ಅವನಿಗೊಂದು ದರೋಡೆ ನೊಣ ಕಂಡಿತು. ಹಾರುವ ಜೇನ್ನೊಣವನ್ನೇ ಹಿಡಿದು ಹೀರುವ ಜಾತಿ, ಮುಖದ ತುಂಬ ಹಳದಿ ಗಡ್ಡ. ಯಾವ ಪುಸ್ತಕದಲ್ಲೂ ಅದರ ಹೆಸರು ಸಿಗಲಿಲ್ಲ. ಹೆಸರು ತಿಳಿಯದೆ ಬಿಡುವ ಆಸಾಮಿ ಅವನಲ್ಲ.

ಪುಣೆಯ ತಜ್ಞರೊಬ್ಬರಿಗೆ ಚಿತ್ರ ಬರೆದು ಕಳಿಸಿದ. ಬೆನ್ನಂಚಿನ ಕೂದಲೆಷ್ಟು, ಗಂಡಿನ ಬಾಲದ ತುದಿ ಹೇಗಿದೆ ಎಂದು ನೋಡದೆ ಹೆಸರು ಹೇಳಲಾಗದು, ಕೊಂದು ಕಳಿಸಿ ಎಂದು ಉತ್ತರ ಬಂತು. ಸೋಮಣ್ಣ ಪೇಚಿಗೆ ಸಿಕ್ಕಿದ. ಕೊರಳಲ್ಲಿ ಲಿಂಗ ಕಟ್ಟಿದವನು; ಡೊಂಬಿವಲಿಯ ಮನೆಯಲ್ಲಿ ತಿಗಣೆಯನ್ನೂ ಕಾಗದದ ಮೇಲೆತ್ತಿ ಹೊರಗೆ ಬಿಡುವವನು. ಪಕ್ಕದ ಖೋಲಿಯವರಿಗೆ ಈ ಬಗ್ಗೆ ತಕರಾರೂ ಇತ್ತು.

“ಕೊಲ್ಲೂದಿಲ್ಲ. ಹೆಸರನೂ ಬಿಡೂದಿಲ್ಲ,” ಎಂದು ಹೆಂಡತಿ ಗಿರಿಜವ್ವನಿಗೆ ಹೇಳಿದ.

ಜೀವಂತ ಹಿಡಿದು, ತಾನೇ ಎಣಿಸಿ, ಬಿಟ್ಟುಬಿಡುವುದು ಅವನ ಲೆಕ್ಕ. ಮೂರು ವರ್ಷ, ಮಳೆಗಾಲ ಮುಗಿದ ಮೇಲಿನ ಭಾನುವಾರಗಳೆಲ್ಲ ಕಲ್ಯಾಣದಿಂದ ಘಾಟಕ್ಕೆ ಹೋಗುವ ಎಸ್‌ಟಿ ಬಸ್ಸಿಗೇ ಹೋದವು. ಬಲೆಯಲ್ಲಿ ರೆಕ್ಕೆ ಹರಿದೀತೆಂದು ಬರಿಗೈಯಲ್ಲೇ ಹಿಡಿಯಲು ಹೋಗುವನು, ನೊಣ ಕೈಗೆ ಸಿಗದು. ನಾಲ್ಕನೆಯ ವರ್ಷ ಬುದ್ಧಿ ಓಡಿತು. ಬೆಳಗಿನ ಚಳಿಗೆ ನೊಣಕ್ಕೆ ಹಾರಲಾಗದು. ಗಂಡಹೆಂಡಿರು ಶನಿವಾರವೇ ಹೋಗಿ ಘಾಟದ ಹಳ್ಳಿಯೊಂದರಲ್ಲಿ ಉಳಿದರು.

ಬೆಳಗ್ಗೆ ಎಲೆಯ ಮೇಲೆ ಮರಗಟ್ಟಿ ಕೂತಿದ್ದ ಗಂಡುನೊಣವನ್ನು ಸೋಮಣ್ಣ ಎರಡು ಬೆರಳಲ್ಲಿ ಎತ್ತಿದ. ಗಿರಣಿಯ ಭೂತಗನ್ನಡಿ ಹಿಡಿದು ಅವನು ಎಣಿಸಿ ಹೇಳುತ್ತ ಹೋದ, ಗಿರಿಜವ್ವ ಬರೆಯುತ್ತ ಹೋದಳು. ಅಷ್ಟರಲ್ಲಿ ಬಿಸಿಲೇರಿ ನೊಣಕ್ಕೆ ಜೀವ ಬಂತು. ಸೂಜಿಯಂಥ ಮೂತಿಯನ್ನು ಅವನ ಹೆಬ್ಬೆರಳಿಗೆ ಚುಚ್ಚಿತು.

“ಬಿಡ್ರೀ, ಬೆರಳು ಬಾತೈತಿ,” ಎಂದಳು ಗಿರಿಜವ್ವ.

“ಬಾಲ ಇನ್ನೂ ನೋಡಿಲ್ಲ. ಬರಿ.”

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತೋಳಲ್ಲೇ ಒರೆಸಿಕೊಂಡು ನೋಡಿದ. ಬಾಲದ ತುದಿ ಇಕ್ಕಳದಂತಿದೆ, ಒಳಕ್ಕೆ ಬಾಗಿದೆ, ಕೊನೆಗೊಂದು ಸೀಳು. ಅವಳು ಬರೆದು ಮುಗಿಸಿದ ಮೇಲೆಯೇ ಬೆರಳು ಸಡಿಲಿಸಿದ. ನೊಣ ಹಾರಿಹೋಯಿತು.

ಬರೆದದ್ದನ್ನು ತಜ್ಞರಿಗೆ ಕಳಿಸಿದ ಎರಡು ತಿಂಗಳಿಗೆ ಪುಣೆಯಿಂದ ಕಾಗದ ಬಂತು. ಹೆಸರು ಬರೆದಿತ್ತು, ಮುಂದೊಂದು ಪ್ರಶ್ನೆಚಿಹ್ನೆ. ಸತ್ತ ಒಂದು ನೊಣ ಕಳಿಸಿದರೆ ಆ ಚಿಹ್ನೆ ತೆಗೆಯುವೆನೆಂದಿದ್ದರು. ಗಿರಿಜವ್ವನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಒದ್ದಾಡಿ ಅರ್ಧ ಹೆಸರೇ, ಬರುವ ವರ್ಷ ಕೊಂದು ಹಾಕಲು ಬಾಟಲಿ ತರುವೆ, ಒಂದು ನೊಣ ಹೋದರೆ ಹೋಗಲಿ ಎಂದಳು.

ಸೋಮಣ್ಣ ಕಾಗದವನ್ನು ಮತ್ತೊಮ್ಮೆ ಓದಿದ. ಆ ಚಿಹ್ನೆ ಅವನಿಗೂ ಚುಚ್ಚುತ್ತಿತ್ತು.

“ಹೆಸರ ಬೇಕಾಗಿದ್ದು ನನಗ,” ಎಂದ. “ನೊಣಕ್ಕಲ್ಲ.”