ದೀಪದ ಮೇಲೆ ಕುಂಕುಮ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದರಲ್ಲಿ ಅರ್ಧ ತಪ್ಪು ಆ ಸಿಟ್ಟಿನದು. ಇನ್ನರ್ಧ ನನ್ನ ಉಂಗುರದ ಬೆರಳಿನದು.

ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೋಗುವ ರಸ್ತೆಯ ಬದಿಗೆ ವಿಶ್ವವಿದ್ಯಾಲಯದ ಒಂದು ಮಣ್ಣು ಸಂಶೋಧನಾ ವಿಭಾಗವಿದೆ. ಅಲ್ಲಿಯ ಕಂಪ್ಯೂಟರ್ ಸೇವೆಗೆಲ್ಲ ನಾನು ಮುಖ್ಯಸ್ಥೆ. ಹುದ್ದೆಯ ಹೆಸರು ಉದ್ದ, ಕೈಕೆಳಗಿದ್ದವರು ಒಬ್ಬ ಅಟೆಂಡರ್ ಕಾಕಾ ಮಾತ್ರ. ನಿಪ್ಪಾಣಿಯಲ್ಲಿ ನಮ್ಮ ಓಣಿಯವರಿಗೆ ನಾನು ಇಂದಿಗೂ 'ಕಾಂಪ್ಯುಟರವಾಲ್ಯಾ ಬಾಯಿ'. ಭಾನುವಾರ ಬಂತೆಂದರೆ ಚಾರ್ಜ್ ಆಗದ ಮೊಬೈಲು, ಮಾತಾಡದ ಟಿವಿ, ಒಮ್ಮೆಯಂತೂ ನಿಂತುಹೋದ ಮಿಕ್ಸರನ್ನೂ ನನ್ನ ಕಟ್ಟೆಯ ಮೇಲೆ ತಂದಿಟ್ಟಿದ್ದರು.

ನಮ್ಮ ವಿಭಾಗದ ಕೆಲಸ ಸವಳು ಭೂಮಿಯದು. ಶಿರಗುಪ್ಪಿ, ಕಾಗವಾಡದ ಕಡೆ ಹೊಳೆಯ ನೀರು ಹಾಯಿಸಿ ಹಾಯಿಸಿ ಕಬ್ಬಿನ ಹೊಲಗಳಲ್ಲಿ ಉಪ್ಪು ಮೇಲೆದ್ದಿದೆ. ಅಂಥ ಹೊಲಗಳಲ್ಲಿ ನಾವು ಸಣ್ಣ ಪೆಟ್ಟಿಗೆಗಳನ್ನು ಹೂಳಿದ್ದೇವೆ. ಮಣ್ಣಿನಲ್ಲಿ ಉಪ್ಪೆಷ್ಟು, ತೇವವೆಷ್ಟು ಎಂದು ಅವು ಗಂಟೆಗೊಮ್ಮೆ ನಮ್ಮ ಸರ್ವರ್‌ಗೆ ಕಳಿಸುತ್ತವೆ. ಪೆಟ್ಟಿಗೆಗಳಿಗಿರುವುದು ಮೂರು ನಾಲ್ಕು ದಿನದ ನೆನಪು. ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತವೆ. ಹಾಗಾಗಿ ಎಷ್ಟೋ ಹೊಲಗಳ ಎಷ್ಟೋ ವರ್ಷಗಳ ಲೆಕ್ಕ ಇರುವುದು ಆ ಒಂದು ಸರ್ವರ್‌ನಲ್ಲಿ ಮಾತ್ರ.

ಅದಕ್ಕೇ ಆ ಕೋಣೆಯಲ್ಲಿ ನನ್ನ ದರ್ಬಾರು. ಚಪ್ಪಲಿ ಹೊರಗೆ, ಚಹಾ ಹೊರಗೆ. ಒಮ್ಮೆ ಯಾರದೋ ಮದುವೆ ವಿಡಿಯೋ ಇದ್ದ ಪೆನ್‌ಡ್ರೈವಿನಿಂದ ವೈರಸ್ ಹೊಕ್ಕು ವಾರಗಟ್ಟಲೆ ಒದ್ದಾಡಿದ್ದೆ. ಅಂದಿನಿಂದ ಪೆನ್‌ಡ್ರೈವ್ ಹಿಡಿದು ಬಂದವರ ಮುಖಕ್ಕೆ ಮಂಗಳಾರತಿ ಗ್ಯಾರಂಟಿ. ಐದು ವರ್ಷದಿಂದ ಸರ್ವರ್ ಒಂದು ನಿಮಿಷವೂ ನಿಂತಿಲ್ಲವೆಂದು ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ.

ಕಾಕಾಗೆ ಮಾತ್ರ ಅದೇ ಒಂದು ಕೊರಗು. ಅವರು ಕರೋಶಿಯವರು. ಈ ನೌಕರಿಗೆ ಬರುವ ಮುಂಚೆ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವರು. ನಮ್ಮ ಕಡೆ ಖಂಡೆನವಮಿಯ ದಿನ ಹತ್ಯಾರಗಳನ್ನೆಲ್ಲ ತೊಳೆದು ಪೂಜೆ ಮಾಡಿ ಇಟ್ಟರೆ ಮರುದಿನ ಬನ್ನಿ ಮುಡಿಯುವತನಕ ಅವನ್ನು ಯಾರೂ ಮುಟ್ಟುವುದಿಲ್ಲ. ಪ್ರತಿ ವರ್ಷ ಆ ದಿನ ಕಾಕಾ ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

"ಮೇಡಂ, ಕುಡಗೋಲು, ಕೊಡಲಿ, ಟ್ರ್ಯಾಕ್ಟರ್, ಎಲ್ಲಾ ಇವತ್ತ ಸುಮ್ಮ ಕುಂಡರತಾವ. ಇದೊಂದ ಯಾಕ ಓಡಬೇಕ್ರಿ? ಓಡೂ ಯಂತ್ರಕ್ಕ ಪೂಜಿ ಮಾಡಬಾರದ್ರಿ."

"ಕಾಕಾ, ಇದು ಕುಡಗೋಲಲ್ಲ. ನಿಮಗ ತಿಳಿಯೂದಿಲ್ಲ, ಸುಮ್ಮನಿರ್ರಿ."

ಕಾಕಾ ಕೊನೆಗೆ ಓಡುತ್ತಿರುವ ಸರ್ವರ್‌ಗೇ ಚೆಂಡುಹೂವಿನ ಹಾರ ಹಾಕಿ, ಮುಖ್ಯಸ್ಥೆಯೆಂಬ ಮರ್ಯಾದೆಗೆ ಕುಂಕುಮದ ಬಟ್ಟಲನ್ನು ನನ್ನ ಮುಂದೆ ಹಿಡಿಯುತ್ತಿದ್ದರು. ನಾನು ಬೆರಳು ಒದ್ದೆ ಮಾಡಿಕೊಂಡು ದಪ್ಪಗೆ ಒಂದು ಬೊಟ್ಟು ಇಟ್ಟು ಕೈ ಮುಗಿದು ಹೊರಬರುತ್ತಿದ್ದೆ.

ಹೋದ ವರ್ಷದ ಹಿಂದಿನ ವರ್ಷ ಖಂಡೆನವಮಿಗೆ ಮನೆಯಲ್ಲಿ ನೆಂಟರು ತುಂಬಿದ್ದರು. ನಾನು ರಜೆ ಹಾಕಿದೆ. ಮರುದಿನ, ದಸರೆಯ ಬೆಳಿಗ್ಗೆ, ಹೋಳಿಗೆಯ ಕಣಕ ನಾದುತ್ತಿರುವಾಗ ಫೋನು ಬಂತು. ಮಾಡಿದ್ದು ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ. ಅಥಣಿ ತಾಲ್ಲೂಕಿನ ತೆಲಸಂಗದ ಹುಡುಗಿ. ಒಣಬೇಸಾಯದ ಊರಿನಲ್ಲಿ ಹುಟ್ಟಿ, ನೀರು ಹೆಚ್ಚಾಗಿ ಕೆಟ್ಟ ಹೊಲಗಳ ಮೇಲೆ ಪಿಎಚ್‌ಡಿ ಮಾಡಲು ಹೊರಟವಳು. ಕೊಟ್ಟಿದ್ದು ರಾಯಬಾಗಕ್ಕೆ. ಏಳು ತಿಂಗಳ ಬಸುರಿ. ಹಿಂದಿನ ವಾರವಷ್ಟೇ ಕುಬಸ, ಅಂದರೆ ಸೀಮಂತ, ಮುಗಿದಿತ್ತು. ಪ್ರಬಂಧ ಒಪ್ಪಿಸಲು ಅವಳಿಗೆ ಉಳಿದಿದ್ದು ಹತ್ತೇ ದಿನ. ಎರಡು ಸಲ ಅವಧಿ ವಿಸ್ತರಿಸಿಕೊಂಡಾಗಿತ್ತು, ಮೂರನೆಯದು ಇಲ್ಲ. ತಪ್ಪಿದರೆ ನೋಂದಣಿ ರದ್ದು, ಐದು ವರ್ಷದ ಓಡಾಟ ನೀರಲ್ಲಿ ಹೋಮ. ಅದಕ್ಕೇ ಹಬ್ಬದ ದಿನವೂ ವಿಭಾಗಕ್ಕೆ ಬಂದು ಕೂತಿದ್ದಳು.

"ಮೇಡಂ, ಸರ್ವರ್ ಸಿಗವಲ್ದು. ಪ್ರಬಂಧಕ್ಕ ಕಡೀ ಎರಡ ಅಂಕಿ-ಸಂಖ್ಯೆ ತಖ್ತೆ ತಗಿಯೂದಿತ್ತು. ಖೋಲಿ ಒಳಗ ಸಪ್ಪಳನ ಇಲ್ಲ."

ಕಣಕದ ಕೈಯಲ್ಲೇ ಸ್ಕೂಟಿ ಹತ್ತಿದೆ.

ಬಾಗಿಲು ತೆರೆದೆ. ಐದು ವರ್ಷ ಭೋರ್ ಎನ್ನುತ್ತಿದ್ದ ಕೋಣೆ ಗಪ್‌ಚಿಪ್ ಆಗಿತ್ತು. ಸರ್ವರ್‌ನ ಎರಡೂ ಬದಿಗೆ ಎಲೆ ಸಮೇತ ಕಬ್ಬಿನ ಜಲ್ಲೆ, ಮೇಲೆ ಹಾರ, ಮುಂದೆ ಒಡೆದ ತೆಂಗಿನಕಾಯಿ. ಮೇನ್ ಸ್ವಿಚ್ಚು ಕೆಳಗಿತ್ತು. ನಾನು ಬಂದ ಸುದ್ದಿ ಕೇಳಿ ಕಾಕಾ ಹೊಸ ಅಂಗಿಯಲ್ಲಿ, ಕೈಯಲ್ಲಿ ಬನ್ನಿ ಎಲೆ ಹಿಡಿದು, ನಗುನಗುತ್ತಾ ಬಂದರು.

"ಯಾರನ್ನ ಕೇಳಿ ಬಂದ್ ಮಾಡಿದ್ರಿ?" ಎಂದು ಕಿರುಚಿದೆ.

"ಐದ ವರ್ಷ ಆತ್ರಿ ಮೇಡಂ, ಅದಕ್ಕ ಒಂದಿನಾನೂ ವಿಶ್ರಾಂತಿ ಇಲ್ಲ. ಹ್ಯಾಂಗೂ ಸೂಟಿ ಐತಿ, ಒಂದಿನ ಕುಂಡರ್ಲಿ ಅಂತ..."

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ತಂದೆಯ ವಯಸ್ಸಿನ ಮನುಷ್ಯ. ಬನ್ನಿ ಎಲೆಯನ್ನು ಮೆಲ್ಲಗೆ ಜೇಬಿಗೆ ಸೇರಿಸಿ ತಲೆ ತಗ್ಗಿಸಿ ನಿಂತರು. ನಾನು ಸ್ವಿಚ್ಚು ಮೇಲೆತ್ತಿದೆ. ಪಂಖೆಗಳು ಎದ್ದವು, ಪರದೆ ಬೆಳಗಿತು, ಕೆಂಪಕ್ಷರ ಬಂತು: ನಾಲ್ಕು ಡಿಸ್ಕುಗಳಲ್ಲಿ ಎರಡು ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ಡಿಸ್ಕುಗಳು ಸೇರಿ ಎಲ್ಲ ಲೆಕ್ಕವನ್ನೂ ಹಂಚಿಕೊಂಡು ಇಟ್ಟುಕೊಂಡಿರುತ್ತವೆ. ಒಂದು ಸತ್ತರೆ ಉಳಿದ ಮೂರು ಸಂಭಾಳಿಸಿಕೊಂಡು ಹೋಗುತ್ತವೆ. ಎರಡು ಸತ್ತರೆ ಎಲ್ಲವೂ ಹೋಯಿತು. ಒಂದೊಂದರ ಮುಖದ ಮೇಲೂ ಕಣ್ಣಿನಂತೆ ಸಾಸಿವೆಕಾಳಿನಷ್ಟು ದೀಪ. ಹಸಿರಿದ್ದರೆ ಕ್ಷೇಮ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಕೂಡಲೇ ಬದಲಿಸಬೇಕು. ಒಂದೇ ರಾತ್ರಿಯಲ್ಲಿ ಎರಡು ಹೇಗೆ ಸತ್ತವು? ಬಗ್ಗಿ ನೋಡಿದೆ. ಮೂರನೆಯದರ ದೀಪ ಆರಿತ್ತು. ಎರಡನೆಯದರ ದೀಪವೇ ಕಾಣಲಿಲ್ಲ. ಅಲ್ಲಿ ಒಣಗಿ ಹೆಪ್ಪುಗಟ್ಟಿದ ಕುಂಕುಮದ ಬೊಟ್ಟಿತ್ತು.

ಉಗುರಿನಿಂದ ಕೆರೆದೆ. ಒಳಗೆ ಕಿತ್ತಳೆ ದೀಪ ಉರಿಯುತ್ತಿತ್ತು.

ಕಾಕಾ ಆ ವರ್ಷದ ಬೊಟ್ಟನ್ನು ಸರ್ವರ್‌ನ ನೆತ್ತಿಯ ಮೇಲೆ ಇಟ್ಟಿದ್ದರು. ದೀಪದ ಮೇಲಿದ್ದದ್ದು ಅದರ ಹಿಂದಿನ ವರ್ಷದ ಖಂಡೆನವಮಿಯದು, ನಾನೇ ಇಟ್ಟದ್ದು. ದೇವರ ಕುಂಕುಮವನ್ನು ಒರೆಸುವುದು ಹೇಗೆಂದು ಯಾರೂ ಅದನ್ನು ಮುಟ್ಟಿರಲಿಲ್ಲ. ಆ ಡಿಸ್ಕು ಯಾವ ತಿಂಗಳಲ್ಲಿ ಸತ್ತಿತೋ, ಯಂತ್ರ ಕುಂಕುಮದ ಹಿಂದಿನಿಂದ ದಿನಾ ಹೇಳುತ್ತಲೇ ಇತ್ತು. ಎಚ್ಚರಿಕೆಯ ಇಮೇಲುಗಳು ನನಗಿಂತ ಮುಂಚೆ ಇದ್ದ, ಎಂದೋ ನಿವೃತ್ತರಾದ ಅಧಿಕಾರಿಯ ವಿಳಾಸಕ್ಕೆ ಹೋಗುತ್ತಿದ್ದವು. ವಾರಕ್ಕೊಮ್ಮೆ ನಕಲು ಇಳಿಯಬೇಕಾದ ಬೇರೆ ಡಿಸ್ಕು ಏಳು ತಿಂಗಳ ಹಿಂದೆಯೇ ತುಂಬಿ ಕೂತಿತ್ತು. ಒಂದು ದಿನವೂ ನಾನು ತೆರೆದು ನೋಡಿರಲಿಲ್ಲ. ನಿಲ್ಲದೇ ಓಡುತ್ತಿದೆ ಎಂಬ ಜಂಬ ಒಂದಿದ್ದರೆ ಸಾಕಾಗಿತ್ತಲ್ಲ ನನಗೆ! ನೆಲದ ಮೇಲೆ ಕೂತುಬಿಟ್ಟೆ.

"ತಪ್ಪು ನಂದು ಕಾಕಾ" ಎಂದೆ. "ನಿಮ್ಮದಲ್ಲ."

ಹುಡುಗಿ ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕುಬಸದ ಹಸಿರು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಾ ನಿಂತಿದ್ದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿದೆ. ಪುಣೆಯಲ್ಲಿ ಇಂಥ ಡಿಸ್ಕುಗಳಿಂದ ಮಾಹಿತಿ ತೆಗೆಯುವವರಿದ್ದಾರೆ, ಕಳಿಸಿ ಎಂದರು. ಅಲ್ಲಿ ವಿಚಾರಿಸಿದರೆ ಕನಿಷ್ಠ ಮೂರು ವಾರ ಬೇಕೆಂದರು, ಸಿಕ್ಕೇ ಸಿಗುತ್ತದೆಂಬ ಮಾತೂ ಕೊಡಲಿಲ್ಲ.

ಆಗ ಕಾಕಾ ಮೆಲ್ಲಗೆ ಕೇಳಿದರು. "ಮೇಡಂ, ಬೈಬ್ಯಾಡ್ರಿ. ಅದರಾಗೂ ಮೋಟಾರ್ ಇರತೈತೇನ್ರಿ?"

"ಇರತೈತಿ ಕಾಕಾ. ಸಣ್ಣದು."

"ಐದ ವರ್ಷ ಓಡಿದ್ದು ಒಮ್ಮಿಗೇ ನಿಂತು ತಣ್ಣಗಾಗೇತಿ. ಹಿಡಕೊಂಡಿರಬೇಕ್ರಿ ಅದು. ಮಳಿಗಾಲದಾಗ ಸುಮ್ಮ ಕುಂತ ಪಂಪ್‌ಸೆಟ್ಟೂ ಹಂಗ ಹಿಡಕೋತಾವ. ಕರೆಂಟ್ ಕೊಡೂ ಮೊದಲ ನಾವು ಕೈಲೆ ಒಂದ ಝಟಕಾ ಕೊಟ್ಟು ತಿರುವತೀವಿ. ಆಮ್ಯಾಲ ತಾನ ಓಡತೈತಿ."

ಬೇರೆ ದಿನವಾಗಿದ್ದರೆ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ನನ್ನ ಮೇಷ್ಟರೊಬ್ಬರು ಇದನ್ನೇ ಎಂದೋ ಹೇಳಿದ್ದು ನೆನಪಾಯಿತು. ಸಿಕ್ಕಿಬಿದ್ದ ಡಿಸ್ಕನ್ನು ಮಟ್ಟಸವಾಗಿ ಹಿಡಿದು ಥಟ್ಟನೆ ತಿರುಗಿಸಿದರೆ ಕೆಲವೊಮ್ಮೆ ಕೊನೆಯ ಸಲಕ್ಕೆ ಏಳುತ್ತದೆ. ಏಳದಿದ್ದರೆ ಒಳಗಿನ ಸೂಕ್ಷ್ಮ ಭಾಗ ತಟ್ಟೆಯನ್ನು ಗೀರಿ, ಪುಣೆಯವರೂ ಕೈಬಿಡುವಂತಾಗುತ್ತದೆ. ಎರಡನ್ನೂ ಹುಡುಗಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ.

"ಲೆಕ್ಕ ನಿಂದು ತಂಗಿ. ನೀ ಹೇಳಿದ್ಹಂಗ."

ಅವಳು ನನ್ನ ಕಡೆ ನೋಡಲಿಲ್ಲ. "ತಿರುವ್ರಿ ಕಾಕಾ" ಎಂದಳು.

ಕಾಕಾ ಕೈ ತೊಳೆದು ಬಂದರು. ನಾನು ಸ್ವಿಚ್ಚು ಇಳಿಸಿ ಹೊರತೆಗೆದ ಮೂರನೆಯ ಡಿಸ್ಕನ್ನು ಅಂಗೈ ಮೇಲೆ ಮಲಗಿಸಿಕೊಂಡು ಅದರ ತೂಕ ನೋಡಿದರು, ಕಿವಿಯ ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು. ಮಣಿಕಟ್ಟು ಒಂದೇ ಒಂದು ಸಲ ಸರ್ರನೆ ತಿರುಗಿತು. ನನ್ನ ಕೈಗೆ ಕೊಟ್ಟರು. ನಾನು ಅದನ್ನು ಒಳಗೆ ತಳ್ಳಿ ಸ್ವಿಚ್ಚು ಹಾಕಿದೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ ಗುಂಯ್ ಎಂಬ ಸಪ್ಪಳ. ಮೂರನೆಯ ದೀಪ ಹಸಿರಾಯಿತು.

"ಎದ್ದಿತವ್ವಾ, ಎದ್ದಿತು!" ಎಂದು ಕೂಗಿದವಳು ನಾನೇ. ಕಾಕಾ ಮಾತ್ರ "ಮತ್ತ ನಿಲ್ಲೂದರಾಗ ಲಗೂನ ತಕ್ಕೊರ್ರಿ" ಎಂದರು.

ಪಕ್ಕದ ಕೋಣೆಯ ಕಂಪ್ಯೂಟರಿಗೆ ಮೊದಲು ಅವಳ ಲೆಕ್ಕ, ಆಮೇಲೆ ಉಳಿದದ್ದು ಎಂದು ನಕಲು ಹಚ್ಚಿದೆವು. ಆ ಡಿಸ್ಕು ಯಾವ ಗಳಿಗೆಯಲ್ಲಿ ಮತ್ತೆ ನಿಲ್ಲುತ್ತದೋ ಎಂಬ ಹೆದರಿಕೆಗೆ ಮೂವರೂ ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳದು ಪೂರ್ತಿ ಇಳಿಯಿತು. ಇನ್ನೊಂದು ನಕಲು ಬೇರೆ ಕಡೆ ಇರಲೇಬೇಕು ಎಂದು ನಾನು ಡ್ರಾವರುಗಳನ್ನೆಲ್ಲ ತಡಕಾಡತೊಡಗಿದೆ. ಹುಡುಗಿ ಕೆಂಪಗಾಗಿ ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದಳು. ಹೊಚ್ಚ ಹೊಸದು.

"ಒಂದ ವರ್ಷದಿಂದ ಪರ್ಸಿನಾಗ ಐತ್ರಿ ಮೇಡಂ. ನಿಮ್ಮ ಹೆದರಿಕಿಗೆ ಹಾಕಿಲ್ಲ."

ಕೆನ್ನೆಗೆ ಹೊಡೆದಂತಾಯಿತು. ಒಂದು ವರ್ಷ ಅವಳು ತನ್ನ ಲೆಕ್ಕದ ನಕಲು ಬೇಕೆಂದು ಆಸೆಪಟ್ಟು, ನನ್ನ ಬಾಗಿಲವರೆಗೆ ಬಂದು, ಕೇಳಲಾರದೆ ತಿರುಗಿಹೋಗಿದ್ದಳು. ನಾನೇ ಅದನ್ನು ಇಸಿದುಕೊಂಡು ಕಂಪ್ಯೂಟರಿಗೆ ಚುಚ್ಚಿದೆ.

ನಾಲ್ಕೂವರೆಗೆ ಮುಖ್ಯಸ್ಥರು ಬಂದರು. ಅವರು ಕಾಗವಾಡದ ಕಡೆಯ ಜೈನ ಮನೆತನದವರು, ಹೊತ್ತು ಮುಳುಗಿದ ಮೇಲೆ ಒಂದು ಅಗಳೂ ಮುಟ್ಟುವುದಿಲ್ಲ. ಹಬ್ಬದ ಊಟವನ್ನು ಡಬ್ಬಿಯಲ್ಲಿ ತುಂಬಿಸಿಕೊಂಡೇ ಬಂದಿದ್ದರು. "ಮೊದಲ ಬಸರಿ ಹೆಣ್ಣಮಗಳು ಉಣ್ಲಿ" ಎಂದು ಡಬ್ಬಿಯನ್ನು ಅವಳ ಮುಂದೆ ಬಿಚ್ಚಿದರು. ನಮಗೂ ಒಂದೊಂದು ಕಡುಬು ಸಿಕ್ಕಿತು. ಬೆಳಗಿನಿಂದ ಯಾರೂ ಏನೂ ತಿಂದಿರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು.

ಹೊತ್ತು ಇಳಿಯುವಾಗ ನಕಲು ಮುಗಿಯಿತು. ಕಾಕಾ ಜೇಬಿಗೆ ಕೈಹಾಕಿ, ಬಾಡಿದ ಬನ್ನಿ ಎಲೆಗಳನ್ನು ತೆಗೆದು, ಕೊಡಲೋ ಬೇಡವೋ ಎಂಬಂತೆ ನಿಂತರು. ನಾನೇ ಎರಡೂ ಕೈಯೊಡ್ಡಿ ಇಸಿದುಕೊಂಡು, ಬಗ್ಗಿ ಅವರ ಕಾಲು ಮುಟ್ಟಿದೆ.

"ಏ ಏ, ಮೇಡಂ, ಏನ್ ಮಾಡಾಕತ್ತೀರಿ!" ಎಂದು ಅವರು ಹಿಂದೆ ಸರಿದರು. ಹುಡುಗಿ ಆ ದಿನ ಮೊದಲ ಸಲ ನಕ್ಕಳು.

ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಅವಳು ಪ್ರಬಂಧ ಒಪ್ಪಿಸಿ, ಬಾಣಂತನಕ್ಕೆಂದು ತೆಲಸಂಗದ ಬಸ್ಸು ಹತ್ತಿದಳು. ಕಾಕಾನ ಕೈಯಿಂದ ಝಟಕಾ ತಿಂದ ಡಿಸ್ಕು ಮರುವಾರವೇ ಶಾಶ್ವತವಾಗಿ ನಿಂತಿತು.

ಈಗ ನಮ್ಮಲ್ಲಿ ಹೊಸ ರೂಢಿ. ಪ್ರತಿ ಖಂಡೆನವಮಿಗೆ ನಾವೇ ಸರ್ವರ್ ನಿಲ್ಲಿಸುತ್ತೇವೆ. ಹಿಂದಿನ ದಿನ ನಕಲನ್ನು ಬೇರೆ ಯಂತ್ರಕ್ಕೆ ಹಾಕಿ, ತೆರೆದು, ಒಂದೊಂದು ಹೊಲದ ಲೆಕ್ಕವನ್ನೂ ಓದಿ ನೋಡಿ, ಸರಿ ಇದೆ ಎಂದಾದ ಮೇಲೆ ಕಾಕಾ ಸ್ವಿಚ್ಚು ಇಳಿಸುತ್ತಾರೆ. ದಸರೆಯ ದಿನ ಮತ್ತೆ ಏರಿಸುತ್ತಾರೆ. ಇದನ್ನು ಕೇಳಿ ಬೇರೆ ವಿಭಾಗದವರು ಮೊದಲು ನಕ್ಕರು, ಆಮೇಲೆ ಕಾಗದದ ಮೇಲೆ ಬರೆದುಕೊಡಿ ಎಂದರು.

ಹೋದ ವರ್ಷದ ಪೂಜೆಗೆ ಹುಡುಗಿ ಬಂದಿದ್ದಳು. ಈಗ ಅವಳು ಡಾಕ್ಟರ್. ಕಂಕುಳಲ್ಲಿ ಹತ್ತು ತಿಂಗಳ ಮಗಳು, ಸರ್ವರ್‌ನ ಹಾರಕ್ಕೆ ಕೈಚಾಚಿ ಚೆಂಡುಹೂ ಕೀಳುತ್ತಿದ್ದಳು. ಕಾಕಾ ಎಂದಿನಂತೆ ನನ್ನ ಮುಂದೆ ಕುಂಕುಮದ ಬಟ್ಟಲು ಹಿಡಿದರು. ಬೆರಳು ಒದ್ದೆ ಮಾಡಿ, ಕುಂಕುಮ ತೆಗೆದುಕೊಂಡು, ಕೈ ಮುಂದೆ ಚಾಚಿದವಳು ಅಲ್ಲಿಯೇ ನಿಂತೆ.

"ಎಲ್ಲಿ ಹಚ್ಚಲಿ, ಕಾಕಾ?" ಎಂದೆ.

ಇಷ್ಟು ವರ್ಷಗಳಲ್ಲಿ ಆ ಕೋಣೆಯೊಳಗೆ ನಾನು ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲಿರಬೇಕು. ಕಾಕಾ ಹುಡುಗಿಯ ಮುಖ ನೋಡಿದರು, ಹುಡುಗಿ ಕಾಕಾನ ಮುಖ ನೋಡಿದಳು.

"ನೆತ್ತಿ ಮ್ಯಾಲ ಹಚ್ರಿ ಮೇಡಂ," ಎಂದರು ಕಾಕಾ, "ಕಣ್ಣ ಬಿಟ್ಟು."