ಅನುಮಾನದ ಟಬ್ಬಿನ ಮುಂದೆ ಎರಡು ಗಂಟೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕಬ್ಬಿಣದ ಷಟರ್ ಅರ್ಧಕ್ಕೆ ಎದ್ದಿದೆ. ಅದರ ಕೆಳಗೆ ಬಗ್ಗಿ ವ್ಯಾನಿನ ಚಾಲಕ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳನ್ನು ಒಂದೊಂದಾಗಿ ಒಳಗೆ ಸರಿಸುತ್ತಿದ್ದಾನೆ. ಒಳಗೆ ಮೂಲೆಯಲ್ಲಿ ಕೆಂಪು ಕಾಗದ ಸುತ್ತಿದ ಒಂದು ಬಲ್ಬು ಬಿಟ್ಟರೆ ಬೇರೆ ಬೆಳಕಿಲ್ಲ. ಆ ಮಂಕು ಬೆಳಕಿನಲ್ಲಿ ಅಂಗಿಯ ತೋಳು ಮಡಿಚಿಕೊಂಡ ಹೆಂಗಸೊಬ್ಬರು ಮಂಡಿಯೂರಿ, ಒಂದು ಪೆಟ್ಟಿಗೆಗೆ ಕಿವಿಯಾನಿಸಿ ಕೂತಿದ್ದಾರೆ.

"ಏನಕ್ಕಾ, ಮಾತಾಡ್ತಿದ್ದಾವಾ?" ಎನ್ನುತ್ತಾನೆ ಚಾಲಕ.

"ಹೂಂ, ನಿನ್ನ ಡ್ರೈವಿಂಗ್ ಬಗ್ಗೆ ದೂರು ಹೇಳ್ತಿವೆ. ಸುಮ್ನಿರು."

ಒಳಗಿನ ಚೀಲ ತೂತಾಗಿದ್ದರೆ ಗಾಳಿ ಸಣ್ಣಗೆ ಸುಯ್‌ಗುಡುತ್ತದಂತೆ. ಒಂಬತ್ತು ಪೆಟ್ಟಿಗೆಗಳನ್ನೂ ಹೀಗೆ ಕೇಳಿಸಿಕೊಂಡ ಮೇಲೆಯೇ ಅವರು ಟೇಪಿಗೆ ಚಾಕು ಇಡುವುದು. ಪೆಟ್ಟಿಗೆಗಳೊಳಗೆ ಆರುನೂರ ನಲವತ್ತು ಬಣ್ಣದ ಮೀನುಗಳಿವೆ. ಸಮುದ್ರದಾಚೆಯ ಯಾವುದೋ ಕೊಳದಿಂದ ಹೊರಟು, ಎರಡು ವಿಮಾನ ಬದಲಿಸಿ, ನಲವತ್ತೊಂದು ಗಂಟೆ ಪ್ಲಾಸ್ಟಿಕ್ ಚೀಲದ ಕತ್ತಲಲ್ಲಿ ಕಳೆದು ಬಂದಿವೆ. ತಟ್ಟನೆ ಬೆಳಕು ಬಿದ್ದರೆ ಬೆದರುತ್ತವೆ. ಮೂವತ್ತು ಗಂಟೆಯಲ್ಲಿ ಬರಬೇಕಿತ್ತು. ಎರಡನೇ ವಿಮಾನ ತಡವಾಯಿತು.

ಎಲ್ಲರೂ ಇವರನ್ನು ಕರೆಯುವುದು ಮೀನಕ್ಕ ಎಂದು. ಚಾಲಕನಿಗೆ ತಮಾಷೆ ಮಾಡಬೇಕೆನಿಸಿದಾಗ 'ಯಮನ ಗುಮಾಸ್ತೆ' ಎಂದೂ ಕರೆಯುವುದುಂಟು. ಬಂದ ಮೀನುಗಳಲ್ಲಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ತೀರ್ಮಾನಿಸುವುದು ಇವರ ಕೆಲಸ.

ಅದರಲ್ಲೇನು ಕಷ್ಟ ಎಂದು ಕೇಳಿದರೆ ಮೀನಕ್ಕ ನಗುತ್ತಾರೆ. "ನಾನೂ ಹಾಗೇ ಅಂದ್ಕೊಂಡಿದ್ದೆ."

ಮಹಡಿಯ ಮೇಲೆ ಯಜಮಾನರ ಕೋಣೆಯಿದೆ. ಜನ ಮನೆಯಲ್ಲಿ ಕೂತು ಫೋನಿನಲ್ಲಿ ಚಿತ್ರ ನೋಡಿ, ಇದು ನಾಲ್ಕು, ಅದು ಆರು ಎಂದು ಬೆರಳೊತ್ತುತ್ತಾರೆ. ಅವೆಲ್ಲ ಸೇರಿಸಿ ಯಜಮಾನರು ಹೊರದೇಶಕ್ಕೆ ಆರ್ಡರ್ ಕಳಿಸುತ್ತಾರೆ. ಅಲ್ಲಿನವರು ಮೀನುಗಳನ್ನು ಎರಡು ದಿನ ಉಪವಾಸ ಕೆಡವುತ್ತಾರೆ. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಗಲೀಜಾಗುವುದಿಲ್ಲ. ಆಮೇಲೆ ಚೀಲಕ್ಕೆ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಕಳಿಸುತ್ತಾರೆ. ವಾರಕ್ಕೆ ಮೂರು ಸಲ ಪೆಟ್ಟಿಗೆಗಳು ಈ ಷಟರಿನ ಕೆಳಗೆ ಬರುತ್ತವೆ. ಒಳಗೆ ಮೂವತ್ತೆಂಟು ಗಾಜಿನ ತೊಟ್ಟಿಗಳಿವೆ. ಒಂದು ವಾರ ಇಲ್ಲಿ ಸುಧಾರಿಸಿಕೊಂಡ ಮೇಲೆಯೇ ಮೀನು ಬೆರಳೊತ್ತಿದವರ ಮನೆ ಸೇರುವುದು.

"ತಂದು ನೀರಿಗೆ ಬಿಟ್ರೆ ಆಯ್ತು ಅನ್ನೋರು ಜಾಸ್ತಿ," ಎನ್ನುತ್ತಲೇ ಮೀನಕ್ಕ ಚೀಲವೊಂದನ್ನು ತೊಟ್ಟಿಯಲ್ಲಿ ತೇಲಿಬಿಡುತ್ತಾರೆ. "ಹದಿನೈದು ನಿಮಿಷ ಹೀಗೇ ಇರ್ಬೇಕು. ಒಳಗಿನ ನೀರು, ಹೊರಗಿನ ನೀರು ಒಂದೇ ಬಿಸಿಗೆ ಬರ್ಬೇಕು. ಆದ್ರೆ ಚೀಲ ಬಿಚ್ಚಿದ ಮೇಲೆ ಮಾತ್ರ ನಿಧಾನ ಮಾಡ್ಬಾರ್ದು. ಎರಡು ದಿನದ ಕೊಳೆ ನೀರು ಅದು. ಹೊರಗಿನ ಗಾಳಿ ತಾಗಿದ ಕೂಡ್ಲೇ ವಿಷ ಆಗಕ್ಕೆ ಶುರು. ವಿಡಿಯೊ ನೋಡಿ ಕಲ್ತವ್ರು ಚೀಲ ಬಿಚ್ಚಿಟ್ಟು ಒಂದೊಂದೇ ಲೋಟ ನೀರು ಹಾಕ್ತಾ ಕೂರ್ತಾರೆ. ಪಾಪ, ಪ್ರೀತಿಯಿಂದ್ಲೇ ಕೊಲ್ತಾರೆ."

ಐದೂ ಮುಕ್ಕಾಲಿಗೆ ಏಳನೇ ಪೆಟ್ಟಿಗೆಯ ಸರದಿ. ಮುಚ್ಚಳ ತೆಗೆದವರು ಚೀಲವನ್ನು ಕಣ್ಣಿನ ಹತ್ತಿರ ತರುತ್ತಾರೆ.

ಒಳಗಿರುವುದು ಲೋಚ್ ಜಾತಿಯ ಇಪ್ಪತ್ತನಾಲ್ಕು ಮೀನು. ಕಿತ್ತಳೆ ಮೈ, ಅದರ ಮೇಲೆ ಅಗಲವಾದ ಮೂರು ಕಪ್ಪು ಪಟ್ಟೆ, ಬಾಯಿಯ ಸುತ್ತ ಕುಡಿಮೀಸೆ. ಹಾಗೆಂದು ಫೋನಿನ ಚಿತ್ರ ಹೇಳುತ್ತದೆ. ಚೀಲದಲ್ಲಿರುವವು ಬಣ್ಣ ಕಳೆದುಕೊಂಡು ಬೂದಿಯಂತಾಗಿವೆ. ಇಪ್ಪತ್ತನಾಲ್ಕೂ ಅಡ್ಡಡ್ಡ ಮಲಗಿವೆ. ಚೀಲ ಅಲುಗಿಸಿದರೆ ನೀರಿನ ಜೊತೆ ಅತ್ತ ಇತ್ತ ಹೊರಳುತ್ತವೆ, ಅಷ್ಟೇ. ಇವುಗಳನ್ನು ತರಿಸಿದವರು ಒಬ್ಬ ಕ್ಷೌರಿಕರು. ಅಂಗಡಿಯಲ್ಲಿ ಕನ್ನಡಿಗಳ ಕೆಳಗೆ ಗೋಡೆಯುದ್ದಕ್ಕೂ ತೊಟ್ಟಿ ಕಟ್ಟಿಸಿದ್ದಾರಂತೆ. ಮೂರು ದಿನದಿಂದ ಫೋನ್ ಮಾಡುತ್ತಲೇ ಇದ್ದಾರೆ.

"ಅಷ್ಟೂ ಹೋದ್ವಾ?" ಎನ್ನುತ್ತಾನೆ ಚಾಲಕ, ಈ ಸಲ ತಮಾಷೆಯಿಲ್ಲದೆ.

"ಗೊತ್ತಿಲ್ಲ," ಎನ್ನುತ್ತಾರೆ ಮೀನಕ್ಕ. ಚೀಲವನ್ನು ಹದಿನೈದು ನಿಮಿಷ ತೇಲಿಸಿ ಬಿಚ್ಚಿ, ನೀರು ಸೋಸಿ ಚೆಲ್ಲಿ, ಇಪ್ಪತ್ತನಾಲ್ಕನ್ನೂ ಗೋಡೆ ಬದಿಯ ಅಗಲವಾದ ನೀಲಿ ಟಬ್ಬಿಗೆ ಬಿಡುತ್ತಾರೆ. ಅದರ ಅಂಚಿನ ಮೇಲೆ ಮಾಸಿದ ಮಾರ್ಕರ್ ಅಕ್ಷರದಲ್ಲಿ 'ಅನುಮಾನ' ಎಂದು ಬರೆದಿದೆ.

ಈ ಲೋಚ್ ಜಾತಿಗೆ ಒಂದು ವಿಚಿತ್ರ ಅಭ್ಯಾಸ. ಗಟ್ಟಿಮುಟ್ಟಾಗಿರುವಾಗಲೂ ಪಕ್ಕಕ್ಕೆ ಒರಗಿ ಹೆಣದ ಹಾಗೆ ಮಲಗುತ್ತವೆ. ಮೀನು ಮನೆಗೆ ತಲುಪಿದ ಮೇಲೆ 'ಸತ್ತ ಮೀನು ಕಳಿಸಿದ್ದೀರಿ' ಎಂಬ ದೂರಿನ ಜೊತೆ ಬರುವ ಫೋಟೊಗಳನ್ನು ನೋಡುವವರೂ ಮೀನಕ್ಕನೇ. ಕಳೆದ ತಿಂಗಳು ಹಾಗೆ ಫೋಟೊ ಕಳಿಸಿದ ಒಬ್ಬರಿಗೆ ಇವರು ಕೂಡಲೇ ಫೋನ್ ಮಾಡಿ, ಬಿಸಾಡಬೇಡಿ, ದೀಪ ಆರಿಸಿ ಅರ್ಧ ಗಂಟೆ ಬಿಡಿ ಎಂದರು. ಇಪ್ಪತ್ತು ನಿಮಿಷಕ್ಕೆ ಆ ಕಡೆಯಿಂದ ಕೂಗು: "ಏನ್ರೀ ಇದು, ಎದ್ದು ಓಡಾಡ್ತಿದೆ! ನಾನು ಆಗ್ಲೇ ಕಾಗದದಲ್ಲಿ ಸುತ್ತಕ್ಕೆ ಹೊರಟಿದ್ದೆ!"

ಅಲ್ಲಿ ಅವಸರವೇನೂ ಇರಲಿಲ್ಲ. ಇಲ್ಲಿ ಇದೆ. ಪೆಟ್ಟಿಗೆ ಕೈಸೇರಿದ ಎರಡು ಗಂಟೆಯೊಳಗೆ ಸತ್ತವುಗಳ ಲೆಕ್ಕ ಹೊರದೇಶಕ್ಕೆ ಹೋಗಬೇಕು, ಇಲ್ಲವಾದರೆ ನಷ್ಟ ಯಜಮಾನರ ತಲೆಗೆ. ಅಷ್ಟೇ ಸಾಲದು, ಸತ್ತ ಪ್ರತಿ ಮೀನಿನ ಬಾಲವನ್ನು ಬುಡದಿಂದ ಕತ್ತರಿಸಿ ಫೋಟೊ ತೆಗೆಯಬೇಕು. ಯಾಕೆ ಹೀಗೆ? "ಹಿಂದೆ ಯಾರೋ ಪುಣ್ಯಾತ್ಮರು ಸತ್ತಿದ್ದ ಒಂದೇ ಮೀನಿಗೆ ಮೂರು ಸಲ ಫೋಟೊ ಹೊಡ್ದು ಕಳಿಸಿದ್ರಂತೆ. ಅವರು ಮಾಡಿದ್ದಕ್ಕೆ ನಮ್ಮ ಕೈಗೆ ಕತ್ತರಿ ಬಂತು."

ಇವತ್ತಿನ ಗಡುವು ಏಳು ಗಂಟೆ ಹತ್ತು ನಿಮಿಷ.

ಮೀನಕ್ಕ ಟಬ್ಬಿಗೆ ಗಾಳಿಯ ಕೊಳವೆ ಇಳಿಬಿಟ್ಟು, ಮೇಲೊಂದು ತೆಳು ಬಟ್ಟೆ ಹೊದಿಸಿ, ಉಳಿದ ಎರಡು ಪೆಟ್ಟಿಗೆಗಳ ಕಡೆ ತಿರುಗುತ್ತಾರೆ. ಕೈ ಕೆಲಸದಲ್ಲಿದೆ, ಕಣ್ಣು ಆಗಾಗ ಬಟ್ಟೆಯತ್ತ ಹೋಗುತ್ತದೆ. ಜ್ವರದ ಮಗುವನ್ನು ಮಲಗಿಸಿ ಅಡುಗೆಮನೆಗೆ ಬಂದವರ ಹಾಗೆ.

ಒಂಬತ್ತು ವರ್ಷದ ಹಿಂದೆ ಇಲ್ಲಿ ತೊಟ್ಟಿ ತೊಳೆಯಲು ಸೇರಿದವರು ಇವರು. ಅದಕ್ಕೂ ಮೊದಲು ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದರು. ಅದು ಮುಚ್ಚಿತು. ಗಂಡ ಬೈಕಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಾರೆ. ಮಗಳು ಏಳನೇ ತರಗತಿ. ಅತ್ತೆಗೆ ಸೊಸೆಯ ಕೆಲಸದ ಬಗ್ಗೆ ಇನ್ನೂ ನಂಬಿಕೆ ಬಂದಿಲ್ಲ. "'ತಿನ್ನಕ್ಕಲ್ಲ, ಬರೀ ನೋಡಕ್ಕೆ ವಿಮಾನದಲ್ಲಿ ಮೀನು ತರಿಸ್ತಾರಾ? ನಾನೇ ಇನ್ನೂ ವಿಮಾನ ಹತ್ತಿಲ್ಲ' ಅಂತಾರೆ ನಮ್ಮತ್ತೆ. ನಾನು ಹೇಳ್ತೀನಿ, ಅತ್ತೆ, ನಿಮ್ಮನ್ನ ಎರಡು ದಿನ ಉಪವಾಸ ಕೆಡವಿ ಚೀಲದಲ್ಲಿ ಕಟ್ಟಬೇಕಾಗತ್ತೆ, ಆಗಬಹುದಾ ಅಂತ."

ಬೆರಳ ತುದಿಗಳು ನೀಲಿಗಟ್ಟಿವೆ. ಮೀನಿನ ಔಷಧಿಯ ಬಣ್ಣ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಉಪ್ಪುನೀರಿಗೆ ಅಂಗೈ ಬಿರುಕು ಬಿಟ್ಟಿದೆ. ದಿನಕ್ಕೆ ಅರವತ್ತು ಬಕೆಟ್ ನೀರು ಎತ್ತಿದ ಸೊಂಟ ಮಧ್ಯಾಹ್ನದ ಹೊತ್ತಿಗೆ ಹಿಡಿದುಕೊಳ್ಳುತ್ತದೆ. ಆದರೆ ಕಷ್ಟ ಯಾವುದು ಎಂದು ಕೇಳಿದರೆ ಇವರು ಸೊಂಟದ ಮಾತೆತ್ತುವುದಿಲ್ಲ.

"ಸೇರಿ ನಾಲ್ಕು ತಿಂಗಳಾಗಿತ್ತು. ಈ ಕೆಲಸ ಮಾಡ್ತಿದ್ದ ಹಳೆಯವರು ರಜದಲ್ಲಿದ್ರು. ಒಂದು ಬಿಳೀ ಮೀನು, ಅಂಗೈಯಷ್ಟಗಲ. ಸತ್ತಿದೆ ಅಂತ ನಾನೇ ಹೇಳ್ದೆ, ನಾನೇ ಬಾಲ ಕತ್ತರಿಸ್ದೆ. ತಟ್ಟೆ ಮೇಲೆ ಇಟ್ಟು ಫೋಟೊ ತೆಗೀಬೇಕು, ಅಷ್ಟರಲ್ಲಿ ಕಿವಿರು ಆಡಿಸ್ತು." ಮುಂದಿನ ಚೀಲದ ರಬ್ಬರ್ ಬ್ಯಾಂಡು ಬಿಡಿಸುತ್ತಾರೆ. "ನೀರಿಗೆ ಬಿಟ್ಟೆ. ಬಾಲ ಇಲ್ವಲ್ಲ, ಮೈ ಮಾತ್ರ ಅಲ್ಲಾಡಿಸ್ತಾ ನಿಂತಲ್ಲೇ ನಿಂತಿತ್ತು. ಊಟದ ಹೊತ್ತಿನವರೆಗೂ ಇತ್ತು. ಅವತ್ತು ಸಾಯಂಕಾಲ ಹೋಗೋಕೆ ಮುಂಚೆ ಈ ಟಬ್ಬು ತೊಳೆದು, ಮೇಲೆ ಬರೆದಿಟ್ಟೆ."

ಆರೂವರೆಗೆ ಬಟ್ಟೆ ಸರಿಸುತ್ತಾರೆ. ಒಂಬತ್ತು ಮೀನು ನೆಟ್ಟಗೆ ನಿಂತಿವೆ. ಅವುಗಳ ಮೈಯಲ್ಲಿ ಕಿತ್ತಳೆ ಬಣ್ಣ ಮೆಲ್ಲಗೆ ಮರಳುತ್ತಿದೆ. ಚಾಲಕ ಬೇರೆಡೆ ಹೋಗಬೇಕಾದವನು, ಹೋಗದೆ ಎಣಿಸುತ್ತಾ ನಿಂತಿದ್ದಾನೆ. ಆರು ಐವತ್ತಕ್ಕೆ ಹದಿಮೂರು. ಏಳಕ್ಕೆ ಹದಿನಾರು.

ಉಳಿದ ಎಂಟನ್ನು ಮೀನಕ್ಕ ಒಂದೊಂದಾಗಿ ಬಟ್ಟಲಿಗೆ ತೆಗೆದುಕೊಳ್ಳುತ್ತಾರೆ. ಮಗಳ ಹಳೆಯ ಬಣ್ಣದ ಕುಂಚದಿಂದ ಕುಡಿಮೀಸೆಯನ್ನು ಮುಟ್ಟುತ್ತಾರೆ. ಪುಟ್ಟ ಟಾರ್ಚನ್ನು ಓರೆಯಾಗಿ ಹಿಡಿದು ಕಿವಿರಿನ ಅಂಚನ್ನು ನೋಡುತ್ತಾರೆ. ಆಮೇಲೆ ಕಣ್ಣು. "ಜೀವ ಹೋದ್ರೆ ಕಣ್ಣಿನ ಮೇಲೆ ಹಾಲಿನ ಕೆನೆ ತರ ಕಟ್ಟತ್ತೆ. ಆದ್ರೆ ತಕ್ಷಣ ಕಟ್ಟಲ್ಲ. ಅದೇ ಗೋಳು." ಆರು ಮೀನುಗಳ ಕಣ್ಣು ಮಂಜಾಗಿವೆ. ಅವನ್ನು ತಟ್ಟೆಗೆ ಹಾಕುತ್ತಾರೆ. ಎರಡರ ಕಣ್ಣು ಕಪ್ಪಗೆ, ತಿಳಿಯಾಗಿ ಇವೆ. ಆದರೆ ಕಿವಿರು ಆಡುತ್ತಿಲ್ಲ, ಕುಂಚಕ್ಕೆ ಮೀಸೆ ಮಿಸುಕುತ್ತಿಲ್ಲ.

ಏಳು ಗಂಟೆ ಐದು ನಿಮಿಷ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಯಜಮಾನರು ಫೋನ್ ಹಿಡಿದೇ ಇಳಿದು ಬರುತ್ತಾರೆ.

"ಎಷ್ಟಕ್ಕಾ?"

"ಆರು."

"ಆ ಎರಡು?"

"ಅವು ಇನ್ನೂ ಗೊತ್ತಿಲ್ಲ ಸಾರ್."

"ಅಕ್ಕಾ, ಐದು ನಿಮಿಷ ಇದೆ. ಒಂದೂವರೆ ಗಂಟೆ ಮಲಗಿರೋ ಮೀನು ಈಗ ಏಳತ್ತಾ? ಈಗ ಹಾಕ್ದಿದ್ರೆ ಆಮೇಲೆ ಅವರು ಒಪ್ಪಲ್ಲ. ನಾನೇ ಮೈಮೇಲೆ ಎಳ್ಕೋಬೇಕು."

"ಹಾಗಾದ್ರೆ ನೀವೇ ಮಾಡಿ." ಮೀನಕ್ಕ ಕತ್ತರಿಯ ಹಿಡಿಕೆಯನ್ನು ಅವರತ್ತ ತಿರುಗಿಸಿ ಕೊಡುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ.

ಯಜಮಾನರು ಕತ್ತರಿ ತೆಗೆದುಕೊಳ್ಳುತ್ತಾರೆ. ಬಟ್ಟಲೊಳಗೆ ಬಗ್ಗಿ ನೋಡುತ್ತಾರೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. ಗಾಳಿಯ ಕೊಳವೆ ಗುಳುಗುಳು ಎನ್ನುತ್ತಿದೆ. ಕೊನೆಗೆ ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು, "ಆರೇ ಕಳ್ಸು ಮಾರಾಯ್ತಿ," ಎಂದು ಮೆಟ್ಟಿಲು ಹತ್ತುತ್ತಾರೆ.

ಮೀನಕ್ಕ ಆರರ ಬಾಲ ಕತ್ತರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಕಳಿಸುತ್ತಾರೆ. ಏಳು ಗಂಟೆ ಒಂಬತ್ತು ನಿಮಿಷ. ಎರಡು ಮೀನನ್ನು ಮತ್ತೆ ಟಬ್ಬಿಗೆ ಬಿಡುತ್ತಾರೆ. ಗಡುವು ದಾಟುತ್ತದೆ.

ಏಳು ನಲವತ್ತಕ್ಕೆ ಅವುಗಳಲ್ಲಿ ಒಂದು ಕಿವಿರು ತೆರೆಯಿತು. ಒಮ್ಮೆ. ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ. ಎಂಟರ ಹೊತ್ತಿಗೆ ಅದು ತಳಕ್ಕೆ ಹೊಟ್ಟೆಯೂರಿ ಕುಳಿತಿತ್ತು. "ಯಮನ ಗುಮಾಸ್ತೆ ಇವತ್ತು ಲೆಕ್ಕ ತಪ್ಪಿದ್ಲು," ಎಂದು ಚಾಲಕ ಕಣ್ಣೊರೆಸಿಕೊಂಡು ವ್ಯಾನಿನ ಕಡೆ ಓಡಿದ. ಇನ್ನೊಂದು ಏಳಲಿಲ್ಲ. ಎಂಟೂಕಾಲಿಗೆ ಅದರ ಕಣ್ಣಿನ ಮೇಲೆ ಕೆನೆ ಕಟ್ಟಿತು. ಅದರ ಲೆಕ್ಕ ಇನ್ನು ಯಾರೂ ಕೇಳುವುದಿಲ್ಲ. ನಷ್ಟ ಯಜಮಾನರದೇ. ಮೀನಕ್ಕ ಅದರ ಬಾಲ ಕತ್ತರಿಸಲಿಲ್ಲ, ಹಾಗೇ ಎಲೆಯೊಂದರಲ್ಲಿ ಸುತ್ತಿಟ್ಟರು.

ಬದುಕಿದವು ಹದಿನೇಳು. ಕ್ಷೌರಿಕರಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಈಗ ಹೇಗಿವೆ? ಊಟ ಮಾಡಿದ್ವಾ?"

ಒಂದು ಎದ್ದಿತು, ಒಂದು ಹೋಯಿತು. ಹಾಗಾದರೆ ಗೆದ್ದವರು ಯಾರು, ನೀವೋ ಯಜಮಾನರೋ? ಮೀನಕ್ಕ ಕೈ ತೊಳೆಯುತ್ತಾ ಯೋಚಿಸುತ್ತಾರೆ. "ಅವರೂ ತಪ್ಪಲ್ಲ. ನಾನೂ ಪೂರ್ತಿ ಸರಿಯಲ್ಲ. ಗೊತ್ತಾಗದೇ ಇದ್ದಾಗ ಕತ್ತರಿ ಎತ್ತಬಾರದು ಅಂತ ಅಷ್ಟೇ ನನ್ನ ಹಟ."

ನಿಮಗೇನು ಬೇಕು ಎಂಬ ಪ್ರಶ್ನೆಗೆ ಅವರು ಸಂಬಳದ ಮಾತನ್ನಾಗಲಿ, ಬಕೆಟ್ ಎತ್ತುವುದು ತಪ್ಪಿಸುವ ಪಂಪಿನ ಮಾತನ್ನಾಗಲಿ ಎತ್ತುವುದಿಲ್ಲ. ಒದ್ದೆ ಕೈ ಒರೆಸಿಕೊಂಡು, ಹೊರದೇಶಕ್ಕೆ ಕಳಿಸುವ ಪಟ್ಟಿಯನ್ನು ಫೋನಿನಲ್ಲಿ ತೆರೆದು ತೋರಿಸುತ್ತಾರೆ.

"ನೋಡಿ, ಇಲ್ಲಿರೋದು ಎರಡೇ ಕಾಲಂ. ಬದುಕಿದೆ, ಸತ್ತಿದೆ. ಯಜಮಾನರ ಕೈಲಿ ಎರಡು ಸಲ ಬರೆಸಿದೀನಿ, ಅಲ್ಲಿನವರು ಕಂಪ್ಯೂಟರ್‌ನಲ್ಲಿ ಜಾಗ ಇಲ್ಲ ಅಂದ್ರು. ಮೂರನೇದೊಂದು ಮಾಡ್ಕೊಟ್ರೆ ಸಾಕು, 'ಇನ್ನೂ ಗೊತ್ತಿಲ್ಲ' ಅಂತ. ಸಾಯಂಕಾಲದೊಳಗೆ ನಾನೇ ಅದನ್ನ ಖಾಲಿ ಮಾಡಿ ಕೊಡ್ತೀನಿ."